ಕುದುರೆಮುಖಕ್ಕೆ ಹೊರಡುವ ಮೊದಲು ನಾನು ಹಾಕುವ ಲೆಕ್ಕ

ಉಡುಪಿಯ ಹೆಚ್ಚಿನವರಿಗೆ ಕುದುರೆಮುಖ ಎಂದರೆ ಹೊರನಾಡಿಗೆ ಹೋಗುವ ದಾರಿ. ಬೆಳಿಗ್ಗೆ ಬೇಗ ಎದ್ದು ಕಾರ್ಕಳ ದಾಟಿ, ಬಜಗೋಳಿಯಲ್ಲಿ ಚಹಾ ಕುಡಿದು, ಮಾಳದ ಗೇಟು ಕಳೆದು, ಘಾಟಿಯ ತಿರುವುಗಳಲ್ಲಿ ಯಾರಾದರೊಬ್ಬರು ವಾಂತಿ ಮಾಡಿಕೊಂಡು, ಊಟದ ಹೊತ್ತಿಗೆ ಅನ್ನಪೂರ್ಣೇಶ್ವರಿಯ ಸನ್ನಿಧಿ ಸೇರುವುದು. ಆ ದಾರಿಯ ಎರಡೂ ಬದಿಗೆ ಹಬ್ಬಿರುವುದು ಸುಮಾರು 600 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ ಎಂಬುದನ್ನು ಫಲಕದ ಮೇಲೆ ಓದುತ್ತೇವೆ, ಮುಂದಿನ ತಿರುವಿನಲ್ಲಿ ಮರೆಯುತ್ತೇವೆ.

ಬ್ಯಾಂಕಿನಲ್ಲಿ ಕೆಲಸ ಮಾಡುವವಳಿಗೆ ಲೆಕ್ಕಾಚಾರ, ಆನ್‌ಲೈನ್ ವ್ಯವಹಾರ, ಊರಿನ ಎಲ್ಲ ರಸ್ತೆಗಳು ಗೊತ್ತಿರಲೇಬೇಕು ಎಂಬ ನಂಬಿಕೆ ನಮ್ಮ ಕುಟುಂಬದಲ್ಲಿದೆ. ಹಾಗಾಗಿ ಮುಂಬೈಯ ನೆಂಟರು ಬಂದಾಗ, ಕಚೇರಿಯ ಗೆಳತಿಯರು ಹೊರಟಾಗ, ಮಗಳ ಕಾಲೇಜಿನ ಮಕ್ಕಳಿಗೆ ಬೆಟ್ಟ ಹತ್ತುವ ಹುಮ್ಮಸ್ಸು ಬಂದಾಗ ಯೋಜನೆ ಹಾಕುವ ಕೆಲಸ ನನ್ನ ತಲೆಗೆ ಬೀಳುತ್ತದೆ. ಮೈದುನ ಮುಂಬೈಯಿಂದಲೇ ಫೋನಿನಲ್ಲಿ ಪಟ್ಟಿ ಓದುತ್ತಾನೆ: "ಅತ್ತಿಗೆ, ಒಂದು ದಿನ ಕುದುರೆಮುಖಕ್ಕೆ ಇಡಿ. ಹಾಗೆಯೇ ಕಳಸ, ಹೊರನಾಡು, ಬರುವಾಗ ಶೃಂಗೇರಿ. ನಕ್ಷೆಯಲ್ಲಿ ಎಲ್ಲ ಹತ್ತಿರ ಹತ್ತಿರವೇ ಇದೆಯಲ್ಲ?"

ನಕ್ಷೆಯಲ್ಲಿ ಹತ್ತಿರವೇ ಇದೆ. ಉಡುಪಿಯಿಂದ ಕುದುರೆಮುಖ ಪಟ್ಟಣಕ್ಕೆ 90 ಕಿಲೋಮೀಟರಿನ ಆಸುಪಾಸು, ಮಂಗಳೂರಿನಿಂದ ಮೂಡುಬಿದಿರೆ ಮಾರ್ಗವಾಗಿ ಬಂದರೆ ನೂರರ ಸಮೀಪ. ಆದರೆ ಕಾರ್ಕಳದ ನಂತರದ ಅರ್ಧ ದಾರಿ ಘಾಟಿಯದು, ಕಾಡಿನದು. ಅಲ್ಲಿ ಕಿಲೋಮೀಟರಿನ ಲೆಕ್ಕ ನಡೆಯುವುದಿಲ್ಲ, ಗಂಟೆಯ ಲೆಕ್ಕವೇ ಬೇಕು. ನಾನು ಮೊದಲು ಮಾಡುವ ಕೆಲಸವೆಂದರೆ ಆ ಪಟ್ಟಿಯನ್ನು ಹೊಡೆದುಹಾಕುವುದು. ದೇವಸ್ಥಾನಗಳ ದಿನ ಬೇರೆ, ಕಾಡಿನ ದಿನ ಬೇರೆ. ಕಾಡಿನ ದಿನದಲ್ಲೂ ಒಂದೋ ಜಲಪಾತ ಮತ್ತು ರಸ್ತೆ, ಇಲ್ಲವೇ ಒಂದು ಚಾರಣ. ಎರಡನ್ನೂ ಹಿಡಿಯಲು ಹೊರಟವರು ಕಾರಿನ ಕಿಟಕಿಯನ್ನಷ್ಟೇ ನೋಡಿ ಬರುತ್ತಾರೆ.

ತಿಂಗಳನ್ನು ಗೊತ್ತು ಮಾಡುವುದು ಎರಡನೆಯ ಜಗಳ. ನಮ್ಮವರೆಲ್ಲ ಊರಿಗೆ ಬರುವುದು ಏಪ್ರಿಲ್‌, ಮೇ ತಿಂಗಳಲ್ಲಿ. ಮದುವೆ, ಕೋಲ, ನಾಗನ ತಂಬಿಲ ಎಲ್ಲವೂ ಆಗಲೇ. ಆಗ ಕುದುರೆಮುಖದ ಹುಲ್ಲುಗಾವಲು ಒಣಗಿ ಹಳದಿಯಾಗಿರುತ್ತದೆ, ಜಲಪಾತಗಳು ಬಂಡೆಗೆ ಅಂಟಿಕೊಂಡ ತೆಳು ನೀರಾಗಿರುತ್ತವೆ. ಮೇಲಾಗಿ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದು ವಾಡಿಕೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡುವುದಿಲ್ಲ. ಮಂಜು ಎಷ್ಟು ದಟ್ಟವಾಗಿರುತ್ತದೆಂದರೆ ಮುಂದಿನ ಬಸ್ಸಿನ ಹಿಂದೀಪ ಬಿಟ್ಟು ಬೇರೇನೂ ಕಾಣುವುದಿಲ್ಲ. ಮರ ಬಿದ್ದು ರಸ್ತೆ ಮುಚ್ಚಿದರೆ ಮತ್ತೆ ಅರ್ಧ ದಿನ ಹೋಯಿತು. ಮಳೆಯನ್ನೇ ನೋಡಬೇಕೆನ್ನುವವರು ಹೋಗಲಿ, ನಾನು ತಡೆಯುವುದಿಲ್ಲ. ಆದರೆ ಮಕ್ಕಳು, ಹಿರಿಯರು ಇರುವ ತಂಡವನ್ನು ನಾನು ಕರೆದೊಯ್ಯುವುದು ಮಳೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಹುಲ್ಲು ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ, ಬೆಳಗಿನ ಆಕಾಶ ತಿಳಿಯಾಗಿರುತ್ತದೆ. ಮೇ ತಿಂಗಳಿನಲ್ಲೇ ಬರುತ್ತೇವೆ ಎಂದು ಹಟ ಹಿಡಿದವರನ್ನು ಮಲ್ಪೆಗೋ ಕಾಪುವಿಗೋ ಕರೆದುಕೊಂಡು ಹೋಗುತ್ತೇನೆ.

ಆ ಅವಧಿಯಲ್ಲೂ ಶನಿವಾರ, ಭಾನುವಾರ ಬೇಡ. ದಸರಾ ರಜೆಯಂತೂ ಬೇಡವೇ ಬೇಡ. ಒಂದು ದಿನ ರಜೆ ಹಾಕಿ ಮಂಗಳವಾರವೋ ಬುಧವಾರವೋ ಹೋದರೆ ಅದೇ ಜಾಗ ಬೇರೆಯದೇ ಆಗಿ ಸಿಗುತ್ತದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸುಬ್ರಹ್ಮಣ್ಯದ ಕುಮಾರಪರ್ವತಕ್ಕೆ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಆ ಗದ್ದಲದ ಮೇಲೆಯೇ ಸರ್ಕಾರ ಚಾರಣಕ್ಕೆ ಆನ್‌ಲೈನ್ ಕಾಯ್ದಿರಿಸುವಿಕೆಯನ್ನು ಬಿಗಿಗೊಳಿಸಿ, ಒಂದೊಂದು ದಾರಿಗೂ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದ್ದು. ಕೆಲವರಿಗೆ ಇದು ಕಿರಿಕಿರಿ. ನನಗೆ ಅದರಷ್ಟು ಒಳ್ಳೆಯ ಕೆಲಸ ಬೇರೆ ಆಗಿಲ್ಲ ಎನ್ನಿಸುತ್ತದೆ.

ಇನ್ನು ನಿರೀಕ್ಷೆಯ ವಿಚಾರ. "ದೊಡ್ಡಮ್ಮ, ಹುಲಿ ಕಾಣಿಸುತ್ತದೆಯೇ? ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾರೆಯೇ?" ಮೈದುನನ ಮಗ ಪ್ರತಿ ಸಲವೂ ಕೇಳುತ್ತಾನೆ. ನಾಗರಹೊಳೆ, ಬಂಡೀಪುರಗಳಲ್ಲಿರುವಂತಹ ಸಫಾರಿ ಇಲ್ಲಿಲ್ಲ ಎಂದು ಹೊರಡುವ ಮೊದಲೇ ಹೇಳಿಬಿಡುತ್ತೇನೆ. ಇದು ನಿತ್ಯಹರಿದ್ವರ್ಣದ ಕಾಡು. ಹತ್ತು ಮಾರು ಆಚೆ ಕಾಟಿ (ಕಾಡುಕೋಣ) ನಿಂತಿದ್ದರೂ ಎಲೆಗಳ ನಡುವೆ ಗೊತ್ತಾಗುವುದಿಲ್ಲ. ಇಲ್ಲಿ ನೋಡಬೇಕಾದದ್ದು ಬೆಟ್ಟದ ರಚನೆಯನ್ನು, ನೀರನ್ನು, ಮರದ ತುದಿಯನ್ನು. ಒಂದು ದೂರದರ್ಶಕ ಹಿಡಿದುಕೊಂಡು ಹೋದರೆ ಮಂಗಟ್ಟೆ ಹಕ್ಕಿ, ಕೆಂದಳಿಲು ಸಿಗುತ್ತವೆ. ಅದೃಷ್ಟವಿದ್ದರೆ ಸಿಂಗಳೀಕ: ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲದ ಪ್ರಾಣಿ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಭಾಗದಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆಯೇ 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಗಲು ಮುಖ್ಯ ಕಾರಣಗಳಲ್ಲಿ ಒಂದು. ರಸ್ತೆ ಬದಿಯಲ್ಲಿ ಕುಳಿತು ಚಿಪ್ಸಿಗೆ ಕೈ ಚಾಚುವ ಮಂಗಗಳು ಅವಲ್ಲ. ಅವು ನಮ್ಮ ತೆಂಗಿನ ತೋಟಕ್ಕೂ ಬರುವ ಸಾಮಾನ್ಯ ಮಂಗಗಳು, ಅವನ್ನು ಭಿಕ್ಷೆಗೆ ಕೂರಿಸಿದವರು ಕಾರಿನಿಂದ ಬಾಳೆಹಣ್ಣು ಎಸೆದವರು.

ಜಲಪಾತದ ದಿನವಾದರೆ ಯೋಜನೆ ಸರಳ. ಮಾಳದ ಘಾಟಿ ಹತ್ತಿ ಎಸ್.ಕೆ. ಬಾರ್ಡರ್ ತಲುಪಿದರೆ ಅಲ್ಲಿ ದಾರಿ ಎರಡಾಗುತ್ತದೆ. ಒಂದು ಕೆರೆಕಟ್ಟೆ ಮೂಲಕ ಶೃಂಗೇರಿಗೆ, ಇನ್ನೊಂದು ಕುದುರೆಮುಖ, ಕಳಸಕ್ಕೆ. ಎಸ್.ಕೆ. ಎಂದರೆ ಸೌತ್ ಕೆನರಾ, ದಕ್ಷಿಣ ಕನ್ನಡದ ಗಡಿ ಅಲ್ಲಿದ್ದ ಕಾಲದ ಹೆಸರು ಅದು. ಉಡುಪಿ ಬೇರೆ ಜಿಲ್ಲೆಯಾಗಿ 1997ರಿಂದ ಇಷ್ಟು ವರ್ಷವಾದರೂ ಬಸ್ಸಿನ ನಿರ್ವಾಹಕರು ಕೂಗುವುದು ಅದನ್ನೇ. ಕುದುರೆಮುಖದ ರಸ್ತೆಯಲ್ಲಿ ಹನುಮನಗುಂಡಿಯೂ ಕದಂಬಿಯೂ ಸಿಗುತ್ತವೆ. ಕದಂಬಿ ರಸ್ತೆಯ ಬದಿಯಲ್ಲೇ ಇದೆ, ಮಂಡಿ ನೋವಿನ ನಮ್ಮ ಅತ್ತೆಗೆ ಅದೇ ಇಷ್ಟ. ಹನುಮನಗುಂಡಿಗೆ ಟಿಕೆಟ್ ತೆಗೆದುಕೊಂಡು ಉದ್ದಕ್ಕೆ ಮೆಟ್ಟಿಲಿಳಿಯಬೇಕು. ಇಳಿಯುವಾಗ ಎಲ್ಲರೂ ಹುಡುಗರೇ, ಹತ್ತುವಾಗ ವಯಸ್ಸು ನೆನಪಾಗುತ್ತದೆ. ಹಿರಿಯರು ಇದ್ದರೆ ಅವರ ಜೊತೆ ಮೇಲೆ ಕೂರುವವರು ಯಾರು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಬಿಡುತ್ತೇನೆ; ಅಲ್ಲಿ ಹೋಗಿ ತೀರ್ಮಾನಿಸಿದರೆ ಅದು ಯಾವಾಗಲೂ ಸೊಸೆಯ ಪಾಲಿಗೇ ಬರುತ್ತದೆ.

ಗೇಟಿನ ನಿಯಮವನ್ನು ಹೊಸಬರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಒಳಗೆ ಹೋಗುವ ವಾಹನದ ಸಂಖ್ಯೆಯನ್ನೂ ಸಮಯವನ್ನೂ ಅಲ್ಲಿ ಬರೆದುಕೊಳ್ಳುತ್ತಾರೆ, ಗೊತ್ತಾದ ಅವಧಿಯೊಳಗೆ ಆಚೆಯ ಗೇಟು ದಾಟಬೇಕು. ಕಂಡಲ್ಲಿ ಕಾರು ನಿಲ್ಲಿಸುವುದು, ತೊರೆಗೆ ಇಳಿಯುವುದು, ಪಕ್ಕದ ಗುಡ್ಡ ಹತ್ತಿ ಫೋಟೋ ತೆಗೆಯುವುದು ಕೂಡದು. ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ರಸ್ತೆ ಬಿಟ್ಟು ಕಾಡಿಗೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. "ಎರಡು ನಿಮಿಷ ಅಷ್ಟೇ ಅಲ್ಲವೇ, ಅತ್ತಿಗೆ" ಎನ್ನುವ ಮೈದುನನಿಗೆ ನಾನು ಕೊಡುವ ಉತ್ತರ, ಆ ಎರಡು ನಿಮಿಷದ ದಂಡವನ್ನು ನೀನೇ ಕಟ್ಟುವುದಾದರೆ ಇಳಿ ಎಂದು. ಇಂದಿನವರೆಗೆ ಇಳಿದಿಲ್ಲ.

ಚಾರಣದ ದಿನ ಎಂದರೆ ಕೆಲಸ ಜಾಸ್ತಿ. ಕುದುರೆಮುಖ ಶಿಖರ ಎಲ್ಲರ ಬಾಯಲ್ಲೂ ಇರುವ ಹೆಸರು. ಸುಮಾರು 1,890 ಮೀಟರ್ ಎತ್ತರ. ಸಂಸೆಯ ಹತ್ತಿರ ತಿರುಗಿ, ಜೀಪಿನಲ್ಲಿ ಕುಲುಕಾಡಿಕೊಂಡು ಮುಳ್ಳೋಡಿ ಸೇರಿ, ಅಲ್ಲಿಂದ ಹೋಗಿ ಬರಲು 20 ಕಿಲೋಮೀಟರಿಗೂ ಮಿಕ್ಕಿದ ನಡಿಗೆ. ತೊರೆಗಳನ್ನು ದಾಟಿ, ಒಂಟಿಮರ ಕಳೆದು, ಹುಲ್ಲಿನ ಏಣುಗಳ ಮೇಲೆ ಹತ್ತುತ್ತಾ ಹೋಗಬೇಕು. ಬೆಳಿಗ್ಗೆ ಹೊರಟು ಸಂಜೆಯೊಳಗೆ ಇಳಿಯಲೇಬೇಕು, ಮೇಲೆ ಗುಡಾರ ಹಾಕಿ ಉಳಿಯಲು ಬಿಡುವುದಿಲ್ಲ. ಉಡುಪಿಯಿಂದ ಅದೇ ದಿನ ಹೊರಟು ಇದನ್ನು ಮುಗಿಸುತ್ತೇವೆ ಎನ್ನುವವರಿಗೆ ನಾನು ಯೋಜನೆ ಹಾಕಿಕೊಡುವುದಿಲ್ಲ. ಹಿಂದಿನ ರಾತ್ರಿ ಸಂಸೆ, ಕಳಸದ ಕಡೆಯ ಹೋಂಸ್ಟೇಯಲ್ಲಿ ಉಳಿಯುವುದೇ ಸರಿ.

ದಿನಾ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನಮ್ಮ ಬ್ಯಾಂಕಿನವರಂತಹ ತಂಡಕ್ಕೆ ನಾನು ಹೇಳುವುದು ಕುರಿಂಜಲ್. ಭಗವತಿ ಶಿಬಿರದ ಹತ್ತಿರದಿಂದ ಶುರುವಾಗುವ ಈ ದಾರಿ ಬಹುದೂರ ಹಳೆಯ ಜೀಪು ರಸ್ತೆಯಲ್ಲೇ, ಮರಗಳ ನೆರಳಿನಲ್ಲೇ ಸಾಗುತ್ತದೆ. ಕೊನೆಗೆ ಹುಲ್ಲು, ಬಂಡೆ, ಸುತ್ತಲೂ ಬೆಟ್ಟಗಳ ಅಲೆ. ಶಿಖರದ ದಾರಿಗಿಂತ ಎಷ್ಟೋ ಕಡಿಮೆ ನಡಿಗೆ, ಜನವೂ ಕಡಿಮೆ. ನೋಟದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಕುದುರೆಯ ಮುಖ ಎಲ್ಲಿ ಎಂದು ಕೇಳುವ ಮಕ್ಕಳಿಗೆ ಮಾತ್ರ ಎರಡೂ ಕಡೆ ನಿರಾಸೆ. ಆ ಆಕಾರ ಕಾಣುವುದು ದೂರದಿಂದ, ಒಂದು ಮಗ್ಗುಲಿನಿಂದ. ಮೂಗಿನ ಮೇಲೆ ಹತ್ತಿ ನಿಂತವರಿಗೆ ಮುಖ ಕಾಣುವುದು ಹೇಗೆ?

ಅನುಮತಿಯನ್ನು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲೇ ತೆಗೆದುಕೊಳ್ಳುತ್ತೇನೆ. ಬರುವ ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿಯ ವಿವರ ಬೇಕು. ಇದನ್ನು ಸಂಗ್ರಹಿಸುವುದು ಚಾರಣಕ್ಕಿಂತ ಕಷ್ಟ. "ಬರುವುದು ಇನ್ನೂ ಖಚಿತವಿಲ್ಲ, ಒಂದು ಟಿಕೆಟ್ ಇಟ್ಟುಬಿಡು" ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಬೇರೆ ಯಾರಿಗೋ ಸಿಗಬೇಕಾದ ಜಾಗವನ್ನು ಹಾಗೆ ತಡೆದಿಡುವುದು ನನಗೆ ಸರಿಕಾಣುವುದಿಲ್ಲ. ಹಣ ಕಳುಹಿಸಿದವರ ಹೆಸರಿಗೆ ಮಾತ್ರ ಟಿಕೆಟ್. ಶುಲ್ಕ, ಯಾವ ದಾರಿ ತೆರೆದಿದೆ, ಎಷ್ಟು ಹೊತ್ತಿಗೆ ಅಲ್ಲಿರಬೇಕು ಎಂಬುದೆಲ್ಲ ಆಗಾಗ ಬದಲಾಗುವುದರಿಂದ ಹಳೆಯ ಮಾಹಿತಿಯನ್ನು ನಂಬದೆ, ಹೊರಡುವ ವಾರ ಮತ್ತೊಮ್ಮೆ ನೋಡುತ್ತೇನೆ. ಮಧ್ಯವರ್ತಿಗಳಿಂದ "ಪರ್ಮಿಶನ್ ಸೇರಿ ಪ್ಯಾಕೇಜ್" ಕೊಂಡವರ ಗತಿಯನ್ನು ಕಣ್ಣಾರೆ ಕಂಡಿದ್ದೇನೆ. ಕುರಿಂಜಲ್ ದಾರಿಯ ಬುಡದಲ್ಲಿ ಕಾಲೇಜು ಹುಡುಗರ ಒಂದು ಗುಂಪು ಮೊಬೈಲಿನಲ್ಲಿ ಬರೀ ಹಣ ಕಟ್ಟಿದ ರಸೀದಿ ತೋರಿಸುತ್ತಾ ನಿಂತಿತ್ತು. ಪಟ್ಟಿಯಲ್ಲಿ ಅವರ ಹೆಸರುಗಳೇ ಇರಲಿಲ್ಲ. ದುಡ್ಡು ತೆಗೆದುಕೊಂಡವನಿಗೆ ಕರೆ ಮಾಡೋಣವೆಂದರೆ ಸಿಗ್ನಲ್ ಇಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋದರು.

ಸಿಗ್ನಲ್ ವಿಷಯ ಬಂತು. ಘಾಟಿ ಹತ್ತಿದ ಮೇಲೆ ಮೊಬೈಲನ್ನು ಕ್ಯಾಮೆರಾ ಎಂದಷ್ಟೇ ತಿಳಿಯಬೇಕು. ಟಿಕೆಟಿನ ಪ್ರತಿಯನ್ನು ಕಾಗದದಲ್ಲಿ ಮುದ್ರಿಸಿ ಎರಡು ಕಡೆ ಇಡುತ್ತೇನೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರುತ್ತೇನೆ. ಎರಡು ಕಾರು ಇದ್ದರೆ ಎಲ್ಲಿ ಎಷ್ಟು ಹೊತ್ತಿಗೆ ಸೇರುವುದು ಎಂದು ಕಾರ್ಕಳದಲ್ಲೇ ಮಾತಾಡಿಕೊಳ್ಳುತ್ತೇವೆ. ಪೆಟ್ರೋಲ್, ನಗದು ಹಣ, ಔಷಧಿ ಎಲ್ಲಕ್ಕೂ ಕಾರ್ಕಳವೇ ಕೊನೆಯ ನಿಲ್ದಾಣ ಎಂದು ಲೆಕ್ಕ. ಕಾರಿಲ್ಲದವರಿಗೆ ಮಂಗಳೂರು, ಕಾರ್ಕಳದಿಂದ ಕಳಸ, ಹೊರನಾಡಿನ ಕಡೆಗೆ ಬಸ್ಸುಗಳಿವೆ. ಆದರೆ ಅವು ನಡುವೆ ಇಳಿದು ಮತ್ತೆ ಹತ್ತುವ ಅನುಕೂಲಕ್ಕೆ ಇರುವಂಥವಲ್ಲ.

ಊಟದ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟು. ಕಾಡಿನೊಳಗೆ ಹೋಟೆಲು ಹುಡುಕುವ ಕೆಲಸ ಇಟ್ಟುಕೊಳ್ಳುವುದಿಲ್ಲ. ಬೆಳಗಿನ ತಿಂಡಿ ಬಜಗೋಳಿಯಲ್ಲಿ ಬನ್ಸ್ ಮತ್ತು ಚಹಾ. ಮಧ್ಯಾಹ್ನಕ್ಕೆ ಹಲಸಿನ ಎಲೆಯ ಕೊಟ್ಟೆ ಕಡುಬು, ಜೊತೆಗೆ ಗಟ್ಟಿ ಚಟ್ನಿ, ಸ್ಟೀಲ್ ಡಬ್ಬಿಯಲ್ಲಿ. ಕಡುಬು ಸಂಜೆಯವರೆಗೂ ಕೆಡುವುದಿಲ್ಲ, ತಟ್ಟೆ ಬೇಡ, ಪ್ಲಾಸ್ಟಿಕ್ ಬೇಡ. ತಿಂದಾದ ಮೇಲೆ ಎಲೆಯನ್ನೂ ಅದೇ ಡಬ್ಬಿಗೆ ತುಂಬಿ ವಾಪಸು ತರುತ್ತೇವೆ, ಏಕೆಂದರೆ ಉಪ್ಪು, ಎಣ್ಣೆ ತಾಗಿದ ಎಲೆಯನ್ನು ಮೂಸಲು ಮಂಗವೋ ಕಡವೆಯೋ ರಸ್ತೆಗೆ ಬರುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್, ಮದ್ಯ ಇವೆರಡಕ್ಕೂ ಉದ್ಯಾನದಲ್ಲಿ ನಿಷೇಧವಿದೆ. ಪ್ಲಾಸ್ಟಿಕ್ ಬಾಟಲಿಯ ನೀರನ್ನು ನಾನು ಕಾರಿಗೇ ಹತ್ತಿಸುವುದಿಲ್ಲ.

ಬಟ್ಟೆ, ಚಪ್ಪಲಿಯ ಮಾತು ಬೇಗ ಮುಗಿಸುತ್ತೇನೆ: ತುಂಬು ತೋಳು, ಉದ್ದ ಪ್ಯಾಂಟು, ಹಿಡಿತವಿರುವ ಬೂಟು, ಮಳೆಯಂಗಿ. ಅಕ್ಟೋಬರ್‌ವರೆಗೂ ಇಂಬಳ ಇದ್ದೇ ಇರುತ್ತವೆ. ಕಚ್ಚಿದರೆ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಅಷ್ಟೇ, ಕಿರುಚುವ ಅಗತ್ಯವಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮೇಲೆ ಬೇವಿನೆಣ್ಣೆಯನ್ನೋ ಸುಣ್ಣ ಬೆರೆಸಿದ ತಂಬಾಕಿನ ನೀರನ್ನೋ ಹಚ್ಚುವವರಿದ್ದಾರೆ. ನನಗೆ ಒಂದು ಚಿಟಿಕೆ ಉಪ್ಪು ಸಾಕು.

ದಾರಿಯಲ್ಲಿ ಹೇಳಲು ಕಥೆಯೂ ಬೇಕಲ್ಲ; ಇಲ್ಲವಾದರೆ ಮಕ್ಕಳು ನಿದ್ದೆ ಹೋಗುತ್ತಾರೆ. ಮೈದುನನ ಮಗ ಒಮ್ಮೆ ಬೋಳು ಬೆಟ್ಟದ ತುದಿ ತೋರಿಸಿ, ಅಷ್ಟು ಮರ ಕಡಿದವರು ಯಾರು ಎಂದು ಸಿಟ್ಟಿನಿಂದ ಕೇಳಿದ. ಯಾರೂ ಕಡಿದಿಲ್ಲ. ಎತ್ತರದಲ್ಲಿ ಗಾಳಿ ಜೋರು, ಮಣ್ಣು ತೆಳು, ಅಲ್ಲಿ ಹುಲ್ಲೇ ಸಹಜ. ಎರಡು ಬೆಟ್ಟಗಳ ಮಡಿಕೆಯಲ್ಲಿ ಮಣ್ಣು, ತೇವ ನಿಂತಲ್ಲಿ ಕಾಡು ಒತ್ತಾಗಿ ಬೆಳೆಯುತ್ತದೆ. ಅದನ್ನು ಶೋಲಾ ಎನ್ನುತ್ತಾರೆ. ಹುಲ್ಲು ಮಳೆಯನ್ನು ಹೀರಿ ನಿಧಾನವಾಗಿ ಶೋಲಾಕ್ಕೆ ಇಳಿಸುತ್ತದೆ, ಶೋಲಾ ಅದನ್ನು ತೊರೆಯಾಗಿ ಬಿಡುತ್ತದೆ. ಇಲ್ಲಿನ ಗಂಗಾಮೂಲದ ಸುತ್ತಲಿನ ಬೆಟ್ಟಗಳಿಂದ ತುಂಗಾ, ಭದ್ರಾ ಪೂರ್ವಕ್ಕೆ ಹರಿದರೆ ನೇತ್ರಾವತಿ ಪಶ್ಚಿಮಕ್ಕೆ ಇಳಿದು, ತುಂಬೆಯ ಅಣೆಕಟ್ಟಿನಲ್ಲಿ ನಿಂತು ಮಂಗಳೂರಿನ ನಲ್ಲಿಗೆ ಬರುತ್ತದೆ. ಉಡುಪಿಗೆ ಬಜೆಯಿಂದ ನೀರು ಕೊಡುವ ಸ್ವರ್ಣೆಯೂ ಕಾರ್ಕಳದ ಮೇಲಿನ ಇದೇ ಘಟ್ಟದವಳು. ಏಪ್ರಿಲ್‌ನಲ್ಲಿ ನಲ್ಲಿ ಒಣಗಿದಾಗ ನಗರಸಭೆಯನ್ನು ಬೈಯುವ ನಾವು ಈ ಹುಲ್ಲನ್ನು ಒಮ್ಮೆಯಾದರೂ ನೋಡಿರಬೇಕು ಎನ್ನುವುದು ನನ್ನ ವಾದ.

ಗಣಿಯ ಕಥೆಗೆ ದೊಡ್ಡವರೂ ಕಿವಿ ಕೊಡುತ್ತಾರೆ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಆರಂಭವಾದದ್ದು 1976ರಲ್ಲಿ, ಇರಾನಿಗೆ ಅದಿರು ಮಾರುವ ಒಪ್ಪಂದದ ಬಲದಿಂದ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ಹೋದ, ಗಿರಾಕಿಯೂ ಹೋದ. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಬೆಟ್ಟದಿಂದ ಪಣಂಬೂರಿಗೆ ಇಳಿಸುತ್ತಿದ್ದರು. ಉಳಿದ ಕೆಸರಿಗೆ ಕಟ್ಟಿದ್ದು ಲಕ್ಯಾ ಅಣೆಕಟ್ಟು. ಅದನ್ನು ನೋಡುವ ಸ್ಥಳಗಳ ಪಟ್ಟಿಯಲ್ಲಿ ನಾನು ಹಾಕುವುದಿಲ್ಲ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲಸ ಕಳೆದುಕೊಂಡವರ ನೋವೂ ಸುಳ್ಳಲ್ಲ. ಸುರತ್ಕಲ್, ಕಾವೂರು ಕಡೆ ಆ ಕಂಪನಿಯಲ್ಲಿ ದುಡಿದ ಮನೆಗಳು ಈಗಲೂ ಇವೆ, ಅವರ ಎದುರು ಈ ಕಥೆಯನ್ನು ನಾನು ಸ್ವಲ್ಪ ತಗ್ಗಿದ ದನಿಯಲ್ಲೇ ಹೇಳುತ್ತೇನೆ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು.

ಹಿಂದಿರುಗುವ ಗಂಟೆಯನ್ನು ನಾನು ಮೊದಲು ಬರೆದು, ಉಳಿದದ್ದನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಕತ್ತಲಾಗುವ ಮೊದಲು ಮಾಳದ ಗೇಟಿನಿಂದ ಕೆಳಗಿರಬೇಕು. ಅದಕ್ಕಾಗಿ ನಾಲ್ಕು ಗಂಟೆಗೆ ಕಾರಿನ ಬಳಿ ಇರಬೇಕು. ನಾಲ್ಕಕ್ಕೆ ಕಾರಿನ ಬಳಿ ಇರಬೇಕಾದರೆ ಹನ್ನೆರಡಕ್ಕೆ ಎಲ್ಲಿದ್ದರೂ ಸರಿ, ಕುರಿಂಜಲ್‌ನ ತುದಿ ಕೈಗೆಟುಕುವಂತೆ ಕಂಡರೂ ಸರಿ, ತಿರುಗಬೇಕು. ಇದನ್ನು ಹೊರಡುವ ಮೊದಲೇ ಎಲ್ಲರ ಬಾಯಲ್ಲೂ ಒಪ್ಪಿಸಿಕೊಂಡಿರುತ್ತೇನೆ, ಇಲ್ಲವಾದರೆ ಮೇಲೆ ಮತದಾನ ನಡೆಯುತ್ತದೆ.

ಮನೆಗೆ ಬಂದ ಮೇಲೂ ಒಂದು ಕೆಲಸ ಬಾಕಿ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡುಗಳಲ್ಲಿ ಉಣುಗಿನ ಕಾಟ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದೇ ಉಣುಗಿನಿಂದ. ಆದ್ದರಿಂದ ತರಗೆಲೆಯ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೇಟಿನವರಿಗೆ ತಿಳಿಸುತ್ತೇವೆ. ಮನೆ ಸೇರಿದೊಡನೆ ಬಟ್ಟೆಯನ್ನು ಹೊರಗೇ ಕಳಚಿ ಬಿಸಿನೀರಿಗೆ ಹಾಕಿ, ಕಂಕುಳು, ಕಿವಿಯ ಹಿಂದೆ, ಮಂಡಿಯ ಮಡಿಕೆ ಎಲ್ಲ ನೋಡಿಕೊಂಡೇ ಸ್ನಾನ. ಮುಂದಿನ ಹತ್ತು ಹನ್ನೆರಡು ದಿನಗಳಲ್ಲಿ ಯಾರಿಗಾದರೂ ಜೋರಾದ ಜ್ವರ, ತಲೆನೋವು ಬಂದರೆ ವೈದ್ಯರಿಗೆ ಜ್ವರದ ಜೊತೆಗೆ ಕಾಡಿಗೆ ಹೋಗಿದ್ದನ್ನೂ ಹೇಳಬೇಕು. ಮುಂಬೈಗೆ ಹೋದ ಮೇಲೆ ಮೈದುನನಿಗೆ ಜ್ವರ ಬಂದರೆ ಅಲ್ಲಿಯ ವೈದ್ಯರಿಗೆ ಈ ಕಾಯಿಲೆ ತಕ್ಷಣ ಹೊಳೆಯಲಿಕ್ಕಿಲ್ಲ. ಹಾಗಾಗಿ ಅವನ ಹೆಂಡತಿಗೆ ಅದರ ಹೆಸರನ್ನು ಕಾಗದದಲ್ಲಿ ಬರೆದು ಕೊಟ್ಟೇ ರೈಲು ಹತ್ತಿಸುತ್ತೇನೆ.